ಎಂಸಿಬಿಗೆ ಗೊತ್ತಾಗದ ಬಿಸಿ

ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ‘12 ವೋಲ್ಟ್, 2 ಆಂಪ್’ ಎಂದರೆ ಸಾಕು, ಮುಷ್ಟಿಗಾತ್ರದ ಟ್ರಾನ್ಸ್‌ಫಾರ್ಮರ್ ಕೈಗೆ ಬರುತ್ತದೆ. ಮನೆಯಲ್ಲೇ ಆಂಪ್ಲಿಫೈಯರೋ ಬ್ಯಾಟರಿ ಚಾರ್ಜರೋ ಕಟ್ಟುವವರು ವೋಲ್ಟೇಜನ್ನು ತಪ್ಪದೆ ನೋಡುತ್ತಾರೆ. ಆಂಪ್ ಲೆಕ್ಕ ಹಾಕುವವರು ಕಡಿಮೆ.

12ನ್ನು 2ರಿಂದ ಗುಣಿಸಿದರೆ 24 ವೋಲ್ಟ್-ಆಂಪಿಯರ್. ಆ ಟ್ರಾನ್ಸ್‌ಫಾರ್ಮರ್ ಹೊರಬಲ್ಲ ಭಾರ ಇಷ್ಟೇ. 4 ಆಂಪ್ ಎಳೆದರೂ ಅದು ಕೂಡಲೇ ಮುಷ್ಕರ ಹೂಡುವುದಿಲ್ಲ, ವೋಲ್ಟೇಜ್ ತುಸು ಕುಸಿದೀತು, ಅಷ್ಟೇ. ಆದರೆ ಕರೆಂಟ್ ಎರಡು ಪಟ್ಟಾದರೆ ತಂತಿಯ ಬಿಸಿ ನಾಲ್ಕು ಪಟ್ಟು. ತಂತಿಯ ಎನಾಮಲ್ ಲೇಪ ಕರಕಲಾಗಿ ಪಕ್ಕದ ಸುತ್ತುಗಳು ಒಂದಕ್ಕೊಂದು ತಗಲುತ್ತವೆ. ಅಗ್ಗದ ಮಾಲಿನಲ್ಲಿ 230 ವೋಲ್ಟಿನ ಸುರುಳಿಯ ಮೇಲೆಯೇ 12 ವೋಲ್ಟಿನದನ್ನು ಸುತ್ತಿರುವುದುಂಟು. ನಡುವೆ ತೆಳು ಹಾಳೆಯೊಂದೇ ಅಡ್ಡ. ಅದೂ ಸುಟ್ಟರೆ ಸ್ಪೀಕರ್ ವೈರಿಗೇ 230 ವೋಲ್ಟ್ ಬಂದೀತು.

ಕರೆಂಟ್ ಮಿತಿಮೀರಿದರೆ ತಾನೇ ಬೀಳಬೇಕಾದ ಮನೆಯ ಎಂಸಿಬಿ ಸ್ವಿಚ್ ಆಗ ಬೀಳುವುದಿಲ್ಲವೇ? ಇಲ್ಲ. ಆ 4 ಆಂಪ್, 230 ವೋಲ್ಟಿನ ಕಡೆಗೆ ಹೆಚ್ಚೆಂದರೆ ಕಾಲು ಆಂಪಿನ ಆಸುಪಾಸು. 6 ಆಂಪಿನ ಎಂಸಿಬಿಗೆ ಅದು ಲೆಕ್ಕಕ್ಕೇ ಇಲ್ಲ. ಎಂಸಿಬಿ ಹಾಕಿರುವುದು ಗೋಡೆಯೊಳಗಿನ ವೈರನ್ನು ಕಾಯಲು, ನಿಮ್ಮ ಪೆಟ್ಟಿಗೆಯನ್ನಲ್ಲ.

ಡಿಸಿ ಬೇಕೆಂದು ನಾಲ್ಕು ಡಯೋಡ್, ಒಂದು ಕೆಪಾಸಿಟರ್ ಹಾಕಿದಾಗ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಕೆಪಾಸಿಟರ್ ಸದಾಕಾಲ ಕರೆಂಟ್ ಎಳೆಯುವುದಿಲ್ಲ. ಎಸಿ ಅಲೆಯ ತುದಿ ಸುಮಾರು 17 ವೋಲ್ಟಿಗೆ ಏರುವ ಗಳಿಗೆಯಲ್ಲಿ ಮಾತ್ರ ಗಬಗಬನೆ ಎಳೆದುಕೊಳ್ಳುತ್ತದೆ, ಸೆಕೆಂಡಿಗೆ 100 ಬಾರಿ. ಹೀಗೆ ಚೂಪಾಗಿ ಬರುವ ಕರೆಂಟ್ ಸರಾಸರಿಗಿಂತ ಬಹಳ ಹೆಚ್ಚು ಬಿಸಿ ಮಾಡುತ್ತದೆ. ಹಾಗಾಗಿ 2 ಆಂಪಿನ ಟ್ರಾನ್ಸ್‌ಫಾರ್ಮರಿನಿಂದ ಡಿಸಿಯಲ್ಲಿ ಸುಮಾರು 1.2 ಆಂಪ್ ಮಾತ್ರ ನಿರೀಕ್ಷಿಸಬೇಕು. ಮಾರುವವರು ಇದನ್ನು ಹೇಳುವುದು ಅಪರೂಪ.

230 ವೋಲ್ಟಿನ ಕಡೆ 200 ಮಿಲಿಆಂಪಿನ ಫ್ಯೂಸ್ ಹಾಕಿ. ಅದು ಸ್ಲೋ-ಬ್ಲೋ ಬಗೆಯದೇ ಆಗಿರಲಿ. ಸ್ವಿಚ್ ಹಾಕಿದ ಕ್ಷಣ ನುಗ್ಗುವ ಕರೆಂಟಿಗೆ ಬೇರೆಯದು ಸುಮ್ಮನೆ ಸುಟ್ಟುಹೋಗುತ್ತದೆ. 12 ವೋಲ್ಟಿನ ಕಡೆಗೆ 2 ಆಂಪಿನ ಇನ್ನೊಂದು ಫ್ಯೂಸ್ ಇರಲಿ. ಕೆಲವು ಟ್ರಾನ್ಸ್‌ಫಾರ್ಮರುಗಳ ಸುರುಳಿಯೊಳಗೆ ಬಿಸಿಗೆ ಕಡಿದುಹೋಗುವ ಥರ್ಮಲ್ ಫ್ಯೂಸ್ ಇರುತ್ತದೆ. ಅದು ಹೋದರೆ ನೇರ ತಂತಿ ಜೋಡಿಸಿ ‘ರಿಪೇರಿ’ ಮಾಡುವ ಜಾಣರೂ ಇದ್ದಾರೆ. ಅಂಥ ಟ್ರಾನ್ಸ್‌ಫಾರ್ಮರ್ ಗುಜರಿಗೇ ಸರಿ.

ಪೆಟ್ಟಿಗೆ ತಗಡಿನದಾದರೆ ಮೂರು ಪಿನ್ನಿನ ಪ್ಲಗ್ಗೇ ಬೇಕು. ಅದರ ದಪ್ಪ ಪಿನ್ನಿನಿಂದ ಬರುವ ಹಸಿರು ವೈರನ್ನು, ಬಣ್ಣ ಕೆರೆದ ತಗಡಿಗೆ ನಟ್ಟು ಹಾಕಿ ಬಿಗಿಯಿರಿ.