ಗಡ್ಡೆ ಮೂರು ಸೆಂಟಿಮೀಟರ್ ದಾಟುವ ಮುನ್ನ

ಹಡಗಲಿಯ ಒಬ್ಬ ಮಲ್ಲಿಗೆ ವ್ಯಾಪಾರಿಯನ್ನು ಊಹಿಸಿಕೊಳ್ಳಿ. ದಿನವಿಡೀ ಫೋನಿನಲ್ಲೇ ವ್ಯವಹಾರ. ಮೊದಲೆಲ್ಲ ಎಡಗಿವಿಗೆ ಫೋನ್ ಹಿಡಿಯುತ್ತಿದ್ದವರು ಈಗ ಬಲಗಿವಿಗೆ ಹಿಡಿಯುತ್ತಾರೆ. ಯಾವಾಗಿನಿಂದ ಎಂದು ಕೇಳಿದರೆ ಅವರಿಗೇ ನೆನಪಿಲ್ಲ. ಎಡಗಿವಿಯಲ್ಲಿ ಜೀರುಂಡೆ ಕೂಗಿದಂತೆ ಸದ್ದು. ಯಾರೋ ಮಾತನಾಡುವುದು ಕೇಳಿಸುತ್ತದೆ, ಏನು ಮಾತನಾಡಿದರೆಂದು ತಿಳಿಯುವುದಿಲ್ಲ. ಗುಗ್ಗೆ ತುಂಬಿರಬೇಕೆಂದು ಎಣ್ಣೆ ಬಿಟ್ಟದ್ದಾಯಿತು. ಔಷಧ ಅಂಗಡಿಯಿಂದ ಹನಿ ತಂದು ಹಾಕಿದ್ದಾಯಿತು. ಮುಂದೊಂದು ದಿನ ಕತ್ತಲಲ್ಲಿ ಹೊಲದ ಬದುವಿನ ಮೇಲೆ ನಡೆಯುವಾಗ ತೂಕ ತಪ್ಪಿದಂತಾದರೆ, 'ವಯಸ್ಸಾಯಿತು' ಎಂದುಕೊಂಡು ಸುಮ್ಮನಾಗುತ್ತಾರೆ.

ಎರಡು ಕಿವಿಗಳಲ್ಲಿ ಒಂದು ಮಾತ್ರ ಮಂದವಾಗುತ್ತಾ ಹೋದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕುವಂತಿಲ್ಲ. ವಯಸ್ಸು ಸಾಮಾನ್ಯವಾಗಿ ಎರಡೂ ಕಿವಿಗಳನ್ನು ಒಟ್ಟಿಗೇ ಹಿಡಿಯುತ್ತದೆ. ಒಂದೇ ಕಿವಿಯ ಕೇಳ್ಮೆ ಕುಂದುವುದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು, ಕಿವಿಯಿಂದ ಮೆದುಳಿಗೆ ಹೋಗುವ ಎಂಟನೆಯ ನರದ ಹೊದಿಕೆಯಲ್ಲಿ ಬೆಳೆಯುವ ಗಡ್ಡೆ. ವೈದ್ಯರು ಇದನ್ನು ವೆಸ್ಟಿಬ್ಯುಲರ್ ಶ್ವಾನೋಮ ಎನ್ನುತ್ತಾರೆ. ಹಳೆಯ ಹೆಸರು ಅಕೌಸ್ಟಿಕ್ ನ್ಯೂರೋಮ. ಇದು ಕ್ಯಾನ್ಸರ್ ಅಲ್ಲ. ಹೆಚ್ಚಿನವರಲ್ಲಿ ವರ್ಷಕ್ಕೆ ಒಂದೆರಡು ಮಿಲಿಮೀಟರ್ ಬೆಳೆಯುತ್ತದೆ, ಕೆಲವರಲ್ಲಿ ಅದೂ ಇಲ್ಲ. ಅಂದಹಾಗೆ, ಫೋನಿನಿಂದ ಗಡ್ಡೆ ಬಂತೆಂದು ಯಾರೂ ತಿಳಿಯಬಾರದು. ಒಳಗೆ ಏನೋ ಇದೆ ಎಂಬುದನ್ನು ಫೋನು ತೋರಿಸಿಕೊಟ್ಟಿತು, ಅಷ್ಟೇ.

ಈ ಕಾಯಿಲೆ ಅಪರೂಪದ್ದೇ. ವಿದೇಶಗಳಲ್ಲಿ ಇಟ್ಟಿರುವ ಲೆಕ್ಕದಂತೆ ಒಂದು ಲಕ್ಷ ಜನರಿಗೆ ವರ್ಷಕ್ಕೆ ಒಂದರಿಂದ ಎರಡು ಹೊಸ ರೋಗಿಗಳು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕುಗಳ ಜನಸಂಖ್ಯೆ ಸೇರಿಸಿದರೆ ಹತ್ತು ಲಕ್ಷದ ಆಸುಪಾಸು. ಆ ಲೆಕ್ಕವನ್ನೇ ಇಲ್ಲಿಗೂ ಹಿಡಿದರೆ ಪ್ರತಿ ವರ್ಷ ಹತ್ತಿಪ್ಪತ್ತು ಮನೆಗಳ ಪ್ರಶ್ನೆ. ಅವರಲ್ಲಿ ಎಷ್ಟು ಜನ ಗಡ್ಡೆ ಇನ್ನೂ ಕಡಲೆಕಾಳಿನಷ್ಟಿರುವಾಗ ವೈದ್ಯರ ಬಳಿ ಹೋಗುತ್ತಾರೆ, ಎಷ್ಟು ಜನ ಅದು ನಿಂಬೆಹಣ್ಣಿನಷ್ಟಾದ ಮೇಲೆ ಹೋಗುತ್ತಾರೆ ಎಂಬುದರ ಮೇಲೆ ಚಿಕಿತ್ಸೆಯ ದಾರಿಯೇ ಬದಲಾಗಿಬಿಡುತ್ತದೆ. ಚಿಕ್ಕ ಗಡ್ಡೆಗೆ ತಲೆಬುರುಡೆ ತೆರೆಯದೆ ಚಿಕಿತ್ಸೆ ಮಾಡುವ ಸಾಧನವೊಂದು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಅದರ ಹೆಸರು ಗಾಮಾ ನೈಫ್. ಹೆಸರಿನಲ್ಲಿ ಚಾಕು ಇದ್ದರೂ ಯಂತ್ರದಲ್ಲಿ ಚಾಕು ಇಲ್ಲ.

ತೇರಿನ ದಾರಿಗಳು

ಕೊಟ್ಟೂರೇಶ್ವರನ ತೇರಿನ ದಿನವನ್ನು ನೆನಪು ಮಾಡಿಕೊಂಡರೆ ಈ ಯಂತ್ರದ ಗುಟ್ಟು ಸುಲಭವಾಗಿ ತಿಳಿಯುತ್ತದೆ. ಹರಪನಹಳ್ಳಿ ಕಡೆಯಿಂದ, ಕೂಡ್ಲಿಗಿ ಕಡೆಯಿಂದ, ಹಗರಿಬೊಮ್ಮನಹಳ್ಳಿ ಕಡೆಯಿಂದ, ದೂರದ ದಾವಣಗೆರೆಯಿಂದ ಭಕ್ತರು ಪಾದಯಾತ್ರೆಯಲ್ಲಿ ಬರುತ್ತಾರೆ. ಯಾವುದಾದರೂ ಒಂದು ದಾರಿಯ ಬದಿಯ ಹೊಲದಲ್ಲಿ ನಿಂತು ನೋಡಿದರೆ ಗುಂಪು ಗುಂಪಾಗಿ ಜನ ಸಾಗುತ್ತಿರುತ್ತಾರೆ, ಬೆಳೆಗೇನೂ ತೊಂದರೆಯಿಲ್ಲ. ಎಲ್ಲ ದಾರಿಗಳೂ ಕೂಡುವ ತೇರಿನ ಬಳಿ ಮಾತ್ರ ಕಾಲಿಡಲು ಜಾಗವಿಲ್ಲ.

ಗಾಮಾ ನೈಫ್‌ನಲ್ಲಿ ಭಕ್ತರ ಜಾಗದಲ್ಲಿ ಗಾಮಾ ಕಿರಣಗಳಿವೆ. ಈಚಿನ ಮಾದರಿಗಳಲ್ಲಿ 192 ಕಡೆ ಕೋಬಾಲ್ಟ್-60 ಎಂಬ ವಿಕಿರಣಶೀಲ ವಸ್ತುವನ್ನು ಇಟ್ಟಿರುತ್ತಾರೆ. ಪ್ರತಿಯೊಂದರಿಂದಲೂ ತೆಳುವಾದ ಒಂದು ಕಿರಣ ಹೊರಟು ಬೇರೆ ಬೇರೆ ದಿಕ್ಕಿನಿಂದ ತಲೆಯೊಳಗೆ ಹೋಗುತ್ತದೆ. ಒಂಟಿ ಕಿರಣ ತನ್ನ ದಾರಿಯಲ್ಲಿರುವ ಮೆದುಳಿಗೆ ಮಾಡುವ ಹಾನಿ ಅತ್ಯಲ್ಪ. 192 ಕಿರಣಗಳೂ ಒಂದೇ ಬಿಂದುವಿನಲ್ಲಿ ಕೂಡಿದಾಗ ಅಲ್ಲಿನ ಜೀವಕೋಶಗಳ ಡಿ.ಎನ್.ಎ. ಮುರಿಯುತ್ತದೆ, ಗಡ್ಡೆಯನ್ನು ಪೋಷಿಸುವ ಸಣ್ಣ ರಕ್ತನಾಳಗಳು ನಿಧಾನವಾಗಿ ಮುಚ್ಚಿಕೊಳ್ಳುತ್ತವೆ. ಭೂತಗನ್ನಡಿಯಿಂದ ಬಿಸಿಲನ್ನು ಒಂದೆಡೆ ಕೂಡಿಸಿ ಕಾಗದ ಸುಡುವ ಆಟ ಮಕ್ಕಳಿಗೆಲ್ಲ ಗೊತ್ತು. ಗಾಮಾ ಕಿರಣವನ್ನು ಮಸೂರದಿಂದ ಹಾಗೆ ಬಗ್ಗಿಸಲಾಗದು. ಅದಕ್ಕಾಗಿಯೇ ಅಷ್ಟೊಂದು ದಿಕ್ಕುಗಳಿಂದ ನೇರವಾಗಿ ಗುರಿಯಿಡಬೇಕಾಯಿತು.

ಈ ಯೋಚನೆ ಮಾಡಿದವರು ಸ್ವೀಡನ್ನಿನ ನರಶಸ್ತ್ರಚಿಕಿತ್ಸಕ ಲಾರ್ಸ್ ಲೆಕ್ಸೆಲ್. 1949ರಲ್ಲಿ ಅವರು ತಲೆಗೆ ಬಿಗಿಯುವ ಒಂದು ಚೌಕಟ್ಟನ್ನು ರೂಪಿಸಿದರು. ಮೆದುಳಿನೊಳಗಿನ ಯಾವುದೇ ಬಿಂದುವನ್ನು ಉದ್ದ, ಅಗಲ, ಎತ್ತರ ಎಂಬ ಮೂರು ಅಳತೆಗಳಿಂದ ಗುರುತಿಸಲು ಅದು ನೆರವಾಗುತ್ತಿತ್ತು. ಹೈಸ್ಕೂಲಿನ ಗ್ರಾಫ್ ಹಾಳೆಯಲ್ಲಿ ಎರಡು ಅಕ್ಷಗಳಿದ್ದರೆ ಇಲ್ಲಿ ಮೂರು. 1951ರಲ್ಲಿ ಅವರು 'ರೇಡಿಯೋಸರ್ಜರಿ' ಎಂಬ ಹೊಸ ಪದ ಬಳಸಿದರು. ಭೌತವಿಜ್ಞಾನಿ ಬೋರ್ಯೆ ಲಾರ್ಸನ್ ಜೊತೆಗೂಡಿ ತಯಾರಿಸಿದ ಮೊದಲ ಗಾಮಾ ನೈಫ್ 1968ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಕೆಲಸಕ್ಕೆ ಬಂತು.

ಮೆದುಳಿನ ಆಳದ ಬಿಂದುವನ್ನು ಅಳತೆಯಿಂದ ಮುಟ್ಟುವ ವಿದ್ಯೆ ಬೆಂಗಳೂರಿಗೆ ಹೊಸತೇನಲ್ಲ. ಮುಂದೆ ನಿಮ್ಹಾನ್ಸ್‌ನ ಮೊದಲ ನಿರ್ದೇಶಕರಾದ ಡಾ. ಆರ್. ಮಾರ್ತಾಂಡ ವರ್ಮ ಅವರು ಪಾರ್ಕಿನ್ಸನ್ ರೋಗಿಗಳ ಬುರುಡೆ ತೆರೆಯದೆ, ಬುರುಡೆಯ ತಳದಲ್ಲಿ ಸಹಜವಾಗಿಯೇ ಇರುವ ರಂಧ್ರದ ಮೂಲಕ ಸೂಜಿ ಹಾಯಿಸಿ ಚಿಕಿತ್ಸೆ ಮಾಡುವ ವಿಧಾನಕ್ಕೆ ಹೆಸರಾಗಿದ್ದರು. ಆದರೆ ಗಾಮಾ ನೈಫ್ ಯಂತ್ರ ಭಾರತಕ್ಕೆ ಬಂದದ್ದು 1997ರಲ್ಲಿ, ಮುಂಬಯಿಯ ಹಿಂದೂಜಾ ಆಸ್ಪತ್ರೆಗೆ ಮತ್ತು ದೆಹಲಿಯ ಏಮ್ಸ್‌ಗೆ. ಆ ದಿನಗಳಲ್ಲಿ ಕೂಡ್ಲಿಗಿಯ ಕುಟುಂಬಕ್ಕೆ ಅದು ಇದ್ದರೂ ಇಲ್ಲದಂತೆಯೇ. ನಿಮ್ಹಾನ್ಸ್‌ಗೆ ಯಂತ್ರ ಬಂದ ಮೇಲೆ ದೂರ ಒಂದು ರಾತ್ರಿಯ ಬಸ್ ಪ್ರಯಾಣಕ್ಕೆ ಇಳಿಯಿತು.

ಅರ್ಧ ದಿನದ ಕೆಲಸ

ಚಿಕಿತ್ಸೆಯ ದಿನ ಬೆಳಿಗ್ಗೆ ರೋಗಿಯ ಹಣೆ ಮತ್ತು ಹಿಂದಲೆಯಲ್ಲಿ ನಾಲ್ಕು ಕಡೆ ಚರ್ಮಕ್ಕೆ ಅರಿವಳಿಕೆ ಚುಚ್ಚುತ್ತಾರೆ. ನೋವಾಗುವುದು ಆ ಚುಚ್ಚುಮದ್ದಿನಿಂದಲೇ. ಆಮೇಲೆ ಲೋಹದ ಚೌಕಟ್ಟನ್ನು ನಾಲ್ಕು ತಿರುಪುಗಳಿಂದ ಬಿಗಿಯುತ್ತಾರೆ, ತಲೆ ಕೂದಲೆಳೆಯಷ್ಟೂ ಅಲುಗಬಾರದು. ಕೂದಲು ಬೋಳಿಸುವ ಅಗತ್ಯವಿಲ್ಲ. ಚೌಕಟ್ಟಿನೊಂದಿಗೇ ಎಂ.ಆರ್.ಐ. ಸ್ಕ್ಯಾನ್ ಆಗುತ್ತದೆ. ರೋಗಿ ತಿಂಡಿ ತಿಂದು ವಿಶ್ರಮಿಸುತ್ತಿರುವಾಗ ಪಕ್ಕದ ಕೋಣೆಯಲ್ಲಿ ನರಶಸ್ತ್ರಚಿಕಿತ್ಸಕರು, ವಿಕಿರಣ ಚಿಕಿತ್ಸಾ ತಜ್ಞರು, ವೈದ್ಯಕೀಯ ಭೌತವಿಜ್ಞಾನಿ ಕಂಪ್ಯೂಟರ್ ಮುಂದೆ ಕುಳಿತು ಗಡ್ಡೆಯ ಅಂಚನ್ನು ಗುರುತಿಸುತ್ತಾರೆ. ಯಾವ ಬಿಂದುವಿಗೆ ಎಷ್ಟು ವಿಕಿರಣ, ಪಕ್ಕದ ಮುಖದ ನರಕ್ಕೆ, ಮೆದುಳುಕಾಂಡಕ್ಕೆ ಎಷ್ಟರ ಮಟ್ಟಿಗೆ ತಗಲಬಹುದು ಎಂಬ ಲೆಕ್ಕ ಅಲ್ಲಿ ನಡೆಯುತ್ತದೆ. ನಂತರ ರೋಗಿಯನ್ನು ಮಂಚದ ಮೇಲೆ ಮಲಗಿಸಿ ಯಂತ್ರದೊಳಗೆ ಸರಿಸುತ್ತಾರೆ. ಗಡ್ಡೆಯ ಗಾತ್ರ, ಆಕಾರ ನೋಡಿಕೊಂಡು ಅರ್ಧ ಗಂಟೆಯಿಂದ ಎರಡು ಮೂರು ಗಂಟೆ. ದೊಡ್ಡವರಿಗೆ ಎಚ್ಚರವಿರುತ್ತದೆ, ಹೊರಗಿನವರ ಜೊತೆ ಮಾತನಾಡಬಹುದು. ಅಲ್ಲಾಡದೆ ಮಲಗಲಾರದ ಚಿಕ್ಕ ಮಕ್ಕಳಿಗೆ ಅರಿವಳಿಕೆ ಕೊಡುತ್ತಾರೆ. ಮುಗಿದ ಮೇಲೆ ಚೌಕಟ್ಟು ಬಿಚ್ಚಿದರೆ ಉಳಿಯುವುದು ನಾಲ್ಕು ಸಣ್ಣ ಗಾಯ. ಅಂದೇ ಸಂಜೆ ಅಥವಾ ಮರುದಿನ ಊರಿಗೆ ಹೊರಡಬಹುದು.

ನಮ್ಮ ಕಡೆ ವಿಕಿರಣ ಚಿಕಿತ್ಸೆಗೆ 'ಕರೆಂಟು ಕೊಡುವುದು' ಎನ್ನುತ್ತಾರೆ. ಕ್ಯಾನ್ಸರಿಗೆ ಕೊಡುವ ಸಾಮಾನ್ಯ ವಿಕಿರಣ ಐದಾರು ವಾರ ನಡೆಯುತ್ತದೆ, ದಿನಕ್ಕೆ ಸ್ವಲ್ಪ ಸ್ವಲ್ಪ. ಗಾಮಾ ನೈಫ್‌ನಲ್ಲಿ ಹೆಚ್ಚಾಗಿ ಒಂದೇ ಸಲ. ಕಿವಿಯ ನರದ ಗಡ್ಡೆಗೆ ಅದರ ಅಂಚಿನಲ್ಲಿ 12-13 ಗ್ರೇ. ಇಷ್ಟನ್ನು ಕೊಟ್ಟರೆ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಗಡ್ಡೆಗಳು ಬೆಳವಣಿಗೆ ನಿಲ್ಲಿಸುತ್ತವೆ ಎಂಬುದು ಜಗತ್ತಿನ ಹಲವು ಕೇಂದ್ರಗಳ ಅನುಭವ.

'ನಿಲ್ಲಿಸುತ್ತವೆ' ಎಂಬ ಮಾತನ್ನು ಗಮನಿಸಬೇಕು. ಗಡ್ಡೆ ಮಾಯವಾಗುವುದಿಲ್ಲ. ಹೋದ ಕೇಳ್ಮೆ ಮರಳಿ ಬರುವುದಿಲ್ಲ. ಮೊದಲ ತಿಂಗಳುಗಳಲ್ಲಿ ಗಡ್ಡೆ ಸ್ವಲ್ಪ ಊದಿಕೊಳ್ಳುವುದೂ ಉಂಟು, ಆಗ ತಲೆನೋವು, ತಲೆಸುತ್ತು ಕಾಣಿಸಬಹುದು. 'ಆಪರೇಷನ್ ಇಲ್ಲದೆ ಗಡ್ಡೆ ಕರಗಿಸುತ್ತಾರಂತೆ' ಎಂದು ಬಸ್ ಹತ್ತಿದವರಿಗೆ ಇದನ್ನು ಮೊದಲೇ ಹೇಳದಿದ್ದರೆ ಮೋಸ ಹೋದೆವೆನ್ನಿಸೀತು.

ಇನ್ನೊಂದು ಮಿತಿ ಗಾತ್ರದ್ದು. ಸಾಮಾನ್ಯವಾಗಿ ಅಡ್ಡಳತೆ ಮೂರು ಸೆಂಟಿಮೀಟರಿನೊಳಗಿದ್ದರೆ ಮಾತ್ರ ಈ ಒಂದೇ ಸಲದ ಚಿಕಿತ್ಸೆ ಸಲ್ಲುತ್ತದೆ. ಗೋಳದ ಘನಫಲದ ಸೂತ್ರ ಗೊತ್ತಿರುವ ವಿದ್ಯಾರ್ಥಿ ಕಾರಣವನ್ನು ತಾನೇ ಕಂಡುಕೊಳ್ಳಬಹುದು. ಒಂದೂವರೆ ಸೆಂಟಿಮೀಟರಿನ ಗಡ್ಡೆ ಮೂರಾದರೆ ಅಡ್ಡಳತೆ ಎರಡು ಪಟ್ಟು, ಘನಫಲ ಎಂಟು ಪಟ್ಟು. ಅಷ್ಟು ದೊಡ್ಡ ಜಾಗವನ್ನು ತುಂಬುವಷ್ಟು ವಿಕಿರಣ ಕೊಟ್ಟರೆ ಸುತ್ತಲಿನ ಒಳ್ಳೆಯ ಮೆದುಳಿಗೂ ಅದು ಚೆಲ್ಲುತ್ತದೆ. ಮೇಲಾಗಿ ದೊಡ್ಡ ಗಡ್ಡೆ ಆಗಲೇ ಮೆದುಳುಕಾಂಡವನ್ನು ಒತ್ತುತ್ತಿದ್ದರೆ ತಿಂಗಳುಗಟ್ಟಲೆ ಕಾಯಲು ಸಮಯವಿಲ್ಲ, ಬುರುಡೆ ತೆರೆಯಲೇಬೇಕು. ಮೂರು ಸೆಂಟಿಮೀಟರ್ ದಾಟದಿದ್ದರೆ ಆರಿಸಿಕೊಳ್ಳಲು ದಾರಿಗಳಿವೆ: ಸುಮ್ಮನೆ ಸ್ಕ್ಯಾನ್ ಮಾಡಿಸುತ್ತಾ ನೋಡುವುದು, ಗಾಮಾ ನೈಫ್, ಶಸ್ತ್ರಚಿಕಿತ್ಸೆ. ದಾಟಿದರೆ ಆಯ್ಕೆ ರೋಗಿಯ ಕೈಯಲ್ಲಿ ಉಳಿಯುವುದಿಲ್ಲ.

ಹಲ್ಲು ಕಿತ್ತರೂ ಹೋಗದ ನೋವು

ಗಡ್ಡೆಯಲ್ಲದ ಕಾಯಿಲೆಗಳಿಗೂ ಈ ಚಿಕಿತ್ಸೆ ಇದೆ. ಜೋಳದ ರೊಟ್ಟಿ ಅಗಿಯುವಾಗ, ಮುಖಕ್ಕೆ ನೀರು ಹಾಕಿಕೊಳ್ಳುವಾಗ ಒಂದು ಕೆನ್ನೆಯಲ್ಲಿ ಮಾತ್ರ ಕರೆಂಟು ಹೊಡೆದಂತೆ ಕೆಲವು ಕ್ಷಣ ನೋವು ಮಿಂಚಿ ಮಾಯವಾಗುವುದು ಟ್ರೈಜೆಮಿನಲ್ ನ್ಯೂರಾಲ್ಜಿಯಾ. ಹಲ್ಲುನೋವೆಂದು ತಿಳಿದು ಒಂದಾದ ಮೇಲೊಂದು ಗಟ್ಟಿ ಹಲ್ಲುಗಳನ್ನೇ ಕೀಳಿಸಿಕೊಂಡವರು ಎಲ್ಲ ದೇಶಗಳಲ್ಲೂ ಇದ್ದಾರೆ. ಮೊದಲು ಮಾತ್ರೆ ಕೊಡುತ್ತಾರೆ, ಹೆಚ್ಚಿನವರಿಗೆ ಅದರಿಂದಲೇ ಹತೋಟಿಗೆ ಬರುತ್ತದೆ. ಬಾರದಿದ್ದರೆ ಶಸ್ತ್ರಚಿಕಿತ್ಸೆ, ಅದು ಆಗದವರಿಗೆ ನರದ ಬುಡಕ್ಕೆ ಗಾಮಾ ಕಿರಣ.

ತಂದೆತಾಯಿಗಳು ತಿಳಿದಿರಬೇಕಾದದ್ದು ಎ.ವಿ.ಎಂ. ಎಂಬ ತೊಂದರೆ. ಮೆದುಳಿನಲ್ಲಿ ರಕ್ತನಾಳಗಳು ಸಿಕ್ಕುಗಂಟಾಗಿ ಹೆಣೆದುಕೊಂಡಿರುತ್ತವೆ. ಹುಟ್ಟಿನಿಂದಲೇ ಇದ್ದರೂ ಹಲವರಲ್ಲಿ ಎಳೆಯ ಪ್ರಾಯದಲ್ಲಿ ಕಾಣಿಸಿಕೊಳ್ಳುತ್ತದೆ, ಕೆಲವೊಮ್ಮೆ ಫಿಟ್ಸ್ ಆಗಿ, ಕೆಲವೊಮ್ಮೆ ನೇರವಾಗಿ ರಕ್ತಸ್ರಾವವಾಗಿ. ಶಾಲೆಯಲ್ಲಿ ಹುಡುಗನೊಬ್ಬ ಫಿಟ್ಸ್ ಬಂದು ಬಿದ್ದರೆ ಈಗಲೂ ಕೈಗೆ ಬೀಗದ ಕೈ ತುರುಕುವವರು, ಮೂಗಿಗೆ ಈರುಳ್ಳಿ ಹಿಡಿಯುವವರು ಇದ್ದಾರೆ. ಮಾಡಬೇಕಾದದ್ದು ಅವನನ್ನು ಒಂದು ಮಗ್ಗುಲಿಗೆ ಹೊರಳಿಸುವುದು, ಬಾಯಿಗೆ ಏನನ್ನೂ ಹಾಕದಿರುವುದು, ಎಷ್ಟು ನಿಮಿಷ ಇತ್ತೆಂದು ನೋಡಿಕೊಳ್ಳುವುದು, ಐದು ನಿಮಿಷಕ್ಕೆ ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಒಯ್ಯುವುದು. ಮೊದಲ ಫಿಟ್ಸ್ ತಾನಾಗಿ ನಿಂತರೂ ವೈದ್ಯರಿಗೆ ತೋರಿಸಲೇಬೇಕು. ಎ.ವಿ.ಎಂ. ಚಿಕ್ಕದಿದ್ದರೆ ಗಾಮಾ ನೈಫ್‌ನಿಂದ ಎರಡು ಮೂರು ವರ್ಷಗಳಲ್ಲಿ ಮುಚ್ಚಿಕೊಳ್ಳುವ ಸಾಧ್ಯತೆ ಹೆಚ್ಚು. ಅಲ್ಲಿಯವರೆಗೆ ರಕ್ತಸ್ರಾವದ ಭಯ ತಪ್ಪಿದ್ದಲ್ಲ.

ಮಕ್ಕಳ ಮೆದುಳಿನ ಗಡ್ಡೆಗಳೆಲ್ಲ ಈ ಯಂತ್ರಕ್ಕೆ ಸಲ್ಲುವುದಿಲ್ಲ, ಹಲವಕ್ಕೆ ಶಸ್ತ್ರಚಿಕಿತ್ಸೆಯೇ ಮೊದಲು. ಆದರೆ ವಾರಗಟ್ಟಲೆ ಬೆಳಿಗ್ಗೆ ಎದ್ದೊಡನೆ ತಲೆನೋವು, ವಾಂತಿ, ನಡಿಗೆಯಲ್ಲಿ ತೂರಾಟ, ಕಣ್ಣು ಮಂಜಾಗುವುದು ಇವು ಯಾವ ಮಗುವಿನಲ್ಲಿ ಕಂಡರೂ ಪರೀಕ್ಷೆಯ ಹೆದರಿಕೆಯೆಂದು ತಳ್ಳಿಹಾಕಬಾರದು.

ಬೆಂಗಳೂರಿಗೆ ಮುಂಚಿನ ದಾರಿ

ಹರಪನಹಳ್ಳಿ 1997ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು, ಆಮೇಲೆ ದಾವಣಗೆರೆಗೆ ಹೋಯಿತು, ಮತ್ತೆ ಬಳ್ಳಾರಿಗೆ ಮರಳಿತು. 2021ರಿಂದ ಉಳಿದ ನಾಲ್ಕು ತಾಲ್ಲೂಕುಗಳ ಜೊತೆ ವಿಜಯನಗರ ಜಿಲ್ಲೆಯಲ್ಲಿದೆ. ಜಿಲ್ಲೆ ಬದಲಾದಷ್ಟು ಸುಲಭವಾಗಿ ಆಸ್ಪತ್ರೆಯ ದಾರಿ ಬದಲಾಗುವುದಿಲ್ಲ. ಆ ಊರಿನವರಿಗೆ ದಾವಣಗೆರೆ ಹತ್ತಿರ, ಕೂಡ್ಲಿಗಿಯವರಿಗೆ ಹೊಸಪೇಟೆ, ಬಳ್ಳಾರಿ. ಯಾವ ದಾರಿಯಾದರೂ ಸರಿ. ಒಂದು ಕಿವಿ ಮಂದವಾದರೆ ಮೊದಲು ಬೇಕಾದದ್ದು ಆಡಿಯೋಗ್ರಾಂ ಎಂಬ ಕಿವಿ ಪರೀಕ್ಷೆ, ಅದರಲ್ಲಿ ಎರಡೂ ಕಿವಿಗಳ ನಡುವೆ ಅಂತರ ಕಂಡರೆ ಎಂ.ಆರ್.ಐ. ಇವೆರಡೂ ಆಗದೆ ಬೆಂಗಳೂರಿಗೆ ಓಡುವುದರಿಂದ ಅಲ್ಲಿಯೇ ಸರದಿಯಲ್ಲಿ ನಿಂತು ಇವನ್ನೇ ಮಾಡಿಸಬೇಕಾಗುತ್ತದೆ. ಬಿ.ಪಿ.ಎಲ್. ಕಾರ್ಡಿನ, ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ನೆರವು ಯಾವುದಕ್ಕೆ ಸಿಗುತ್ತದೆ, ಯಾವ ಶಿಫಾರಸು ಪತ್ರ ಬೇಕು ಎಂಬುದನ್ನು ಹೊರಡುವ ಮುನ್ನವೇ ಕೇಳಿಕೊಳ್ಳುವುದು ಲೇಸು. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮೆದುಳಿನ ಆರೋಗ್ಯ ಕಾರ್ಯಕ್ರಮ ಮೊದಲು ಕೆಲವೇ ಕಡೆ ಇತ್ತು, ನಂತರ ಇತರ ಜಿಲ್ಲೆಗಳಿಗೂ ವಿಸ್ತರಿಸಿತು. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ಇನ್ನೊಂದು ಅಡ್ಡಿ ಬಸ್ಸಿನದೂ ಅಲ್ಲ, ಹಣದ್ದೂ ಅಲ್ಲ. 'ನಿಮ್ಹಾನ್ಸ್' ಎಂದ ಕೂಡಲೇ ಹುಚ್ಚಾಸ್ಪತ್ರೆ ಎನ್ನುವವರು ಇನ್ನೂ ಇದ್ದಾರೆ. ಮದುವೆಗೆ ಬಂದ ಮಗಳನ್ನು ಅಲ್ಲಿಗೆ ಕರೆದೊಯ್ದರೆ ನಾಲ್ಕು ಜನ ಏನೆಂದಾರು ಎಂದು ತಂದೆತಾಯಿ ಅಳುಕುತ್ತಾರೆ. ಆ ಸಂಸ್ಥೆಯ ಹೆಸರಿನಲ್ಲಿ ಮಾನಸಿಕ ಆರೋಗ್ಯದ ಜೊತೆಗೇ ನರವಿಜ್ಞಾನವೂ ಇದೆ. ನಾಲ್ಕು ಜನರ ಮಾತಿಗೆ ಹೆದರಿ ಕಳೆದ ಎರಡು ವರ್ಷದಲ್ಲಿ ಗಡ್ಡೆ ಸುಮ್ಮನೆ ಕುಳಿತಿರುವುದಿಲ್ಲ.

ಭೌತವಿಜ್ಞಾನ ಓದುತ್ತಿರುವ ಹುಡುಗ ಹುಡುಗಿಯರಿಗೆ ಈ ಯಂತ್ರದ ಪಕ್ಕದಲ್ಲೊಂದು ಕುರ್ಚಿ ಇದೆ. ಕೋಬಾಲ್ಟ್-60ರ ಅರ್ಧಾಯು 5.27 ವರ್ಷ. ಇಂದು ಮೂವತ್ತು ನಿಮಿಷ ಹಿಡಿಯುವ ಚಿಕಿತ್ಸೆಗೆ ಅದೇ ಕೋಬಾಲ್ಟಿನಿಂದ ಐದೂಕಾಲು ವರ್ಷದ ನಂತರ ಒಂದು ಗಂಟೆ ಬೇಕು. ಈ ಲೆಕ್ಕ ಇಟ್ಟು ರೋಗಿಗೆ ಹೆಚ್ಚೂ ಕಡಿಮೆಯೂ ಆಗದಂತೆ ನೋಡಿಕೊಳ್ಳುವವರೇ ವೈದ್ಯಕೀಯ ಭೌತವಿಜ್ಞಾನಿಗಳು. ಎಂ.ಬಿ.ಬಿ.ಎಸ್. ಸೀಟು ಸಿಗಲಿಲ್ಲವೆಂದು ಕೊರಗುವ ಮನೆಗಳಲ್ಲಿ ಈ ಹುದ್ದೆಯ ಹೆಸರೇ ಗೊತ್ತಿರುವುದಿಲ್ಲ. ಬಿ.ಎಸ್ಸಿ., ಎಂ.ಎಸ್ಸಿ. ಭೌತವಿಜ್ಞಾನ ಮುಗಿಸಿದವರಿಗೆ ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ಇದರ ಡಿಪ್ಲೊಮಾ ಇದೆ.

ಚಿಕಿತ್ಸೆ ಪಡೆದು ಬಂದವರ ಮನೆಯಲ್ಲಿ ಒಂದು ವಸ್ತುವನ್ನು ಜೋಪಾನ ಮಾಡಬೇಕು, ಅದು ಎಂ.ಆರ್.ಐ. ಫಿಲ್ಮಿನ ದೊಡ್ಡ ಲಕೋಟೆ. ಆರು ತಿಂಗಳಿಗೋ ವರ್ಷಕ್ಕೋ ಮತ್ತೆ ಸ್ಕ್ಯಾನ್ ಆದಾಗ ವೈದ್ಯರು ಹೊಸದನ್ನು ಹಳೆಯದರ ಪಕ್ಕದಲ್ಲಿಟ್ಟು ಅಳೆಯುತ್ತಾರೆ. ಪಹಣಿ, ಪಟ್ಟಾ ಇಡುವ ಟ್ರಂಕಿನಲ್ಲೇ ಅದನ್ನೂ ಇಟ್ಟರೆ ಮಳೆಗಾಲದಲ್ಲಿ ನೆನೆಯುವುದಿಲ್ಲ.