ನಿಮಗಿದು ಗೊತ್ತೆ? ಬೊಗಳುವ ಜಿಂಕೆ, ಸಿಳ್ಳೆ ಹಾಕುವ ನಾಯಿ

ರಾತ್ರಿ ಪಶ್ಚಿಮಘಟ್ಟದ ಕಾಡಿನಲ್ಲಿ ಬೊಗಳುವ ಸದ್ದು ಕೇಳಿಸಿದರೆ ಅದು ನಾಯಿಯೇ ಆಗಿರಬೇಕೆಂದಿಲ್ಲ, ಕಾಡುಕುರಿಯೂ ಆಗಿರಬಹುದು. ಹುಲಿ, ಚಿರತೆಯ ಸುಳಿವು ಸಿಕ್ಕಿದರೆ ಈ ಪುಟ್ಟ ಜಿಂಕೆ ಬಿಟ್ಟು ಬಿಟ್ಟು ಬೊಗಳುತ್ತದೆ. ಕೆಲವೊಮ್ಮೆ ಒಂದು ಗಂಟೆಗೂ ಹೆಚ್ಚು ಹೊತ್ತು!

ಸೀಳುನಾಯಿಗಳ ಕಥೆಯೇ ಬೇರೆ. ಬೇಟೆಯ ಬೆನ್ನಟ್ಟಿ ದಟ್ಟ ಪೊದೆಗಳಲ್ಲಿ ಚದುರಿಹೋದಾಗ ಅವು ಸಿಳ್ಳೆ ಹಾಕಿ ಮತ್ತೆ ಗುಂಪುಗೂಡುತ್ತವೆ.

ಅಪಾಯ ಕಂಡ ಕಡವೆ ಬಾಲ ನಿಮಿರಿಸಿ, ಮುಂಗಾಲನ್ನು ನೆಲಕ್ಕೆ ಬಡಿದು ‘ಢಾಂಕ್’ ಎಂದು ಜೋರಾಗಿ ಕೂಗುತ್ತದೆ. ಬಂಡೀಪುರ, ನಾಗರಹೊಳೆಯಲ್ಲಿ ಸಫಾರಿ ಚಾಲಕರು ಜೀಪಿನ ಎಂಜಿನ್ ನಿಲ್ಲಿಸಿ ಕಿವಿಗೊಡುವುದು ಇಂಥ ಕೂಗಿಗೇ. ಮರದ ಮೇಲಿನ ಮುಸಿಯವೂ ಇದೇ ಹೊತ್ತಿಗೆ ಕೆಮ್ಮಿದಂತೆ ಕೂಗತೊಡಗಿದರೆ ಹುಲಿಯೋ ಚಿರತೆಯೋ ಹತ್ತಿರದಲ್ಲೇ ಇದೆ ಎಂದರ್ಥ.

ಚಾರಣಕ್ಕೆ ಹೋದಾಗ ಈ ಎರಡೂ ಕೂಗು ಒಟ್ಟಿಗೆ ಕೇಳಿಸಿದರೆ ಮುಂದಕ್ಕೆ ಹೆಜ್ಜೆ ಇಡಬೇಡಿ.