ತಾರೀಖು ಬರೆದ ಬಿರುಕು

ಹ್ಯಾರೋ-ಆನ್-ದ-ಹಿಲ್ ನಿಲ್ದಾಣದ ಬಾಗಿಲಲ್ಲಿ ಚಿಗವ್ವನ ಮಗಳು ಕಾಯುತ್ತ ನಿಂತಿದ್ದಳು. ಅವಳ ಮನೆಗೆ ಇಳಿಜಾರಿನ ದಾರಿ, ಇಪ್ಪತ್ತು ನಿಮಿಷದ ನಡಿಗೆ. ಅವಳು ಮಾತ್ರ ಏರುದಾರಿ ಹಿಡಿದಳು.

“ಮದ್ಲ ಗುಡ್ಡಾ ಹತ್ತೂಣು ಅಣ್ಣಾ. ಮಣ್ಣ ನೋಡದ ಮನಿ ನೋಡಿದ್ರ ನಿನಗ ಏನೂ ತಿಳಿಯಂಗಿಲ್ಲ.”

2023ರ ಮಾರ್ಚ್ ತಿಂಗಳು, ಶನಿವಾರ. ಯುಗಾದಿಗೆ ಇನ್ನು ನಾಲ್ಕೇ ದಿನ. ವಾಯವ್ಯ ಲಂಡನ್ನಿನ ಈ ಗುಡ್ಡಕ್ಕೆ ನಾನು ಬಂದದ್ದು ಬಿರುಕು ಬಿಟ್ಟ ಒಂದು ಗೋಡೆಯನ್ನು ನೋಡಲು. ಹಿಂದಿನ ಬೇಸಿಗೆಯಲ್ಲಿ ತಂಗಿಯ ಮನೆಯ ಒಂದು ಮೂಲೆ ಕುಸಿದಿತ್ತು. ಫೋನಿನಲ್ಲಿ ಅವಳು ಹೇಳಿದ ಒಂದೊಂದು ಮಾತಿಗೂ ನವಲಗುಂದ ತಾಲ್ಲೂಕಿನ ನಮ್ಮ ಎರೆಹೊಲದ ಊರು, ನಮ್ಮ ಮನೆಯ ಪಡಸಾಲೆ ನೆನಪಾಗುತ್ತಿತ್ತು.

ಗುಡ್ಡದ ನೆತ್ತಿಯಲ್ಲಿ ಸೇಂಟ್ ಮೇರಿ ಚರ್ಚು ಇದೆ. 1094ರಲ್ಲಿ ಪ್ರತಿಷ್ಠೆಯಾದದ್ದು; ಅದರ ಚೂಪು ಗೋಪುರ ಹರದಾರಿ ದೂರದಿಂದಲೂ ಕಾಣುತ್ತದೆ. ಪಕ್ಕದಲ್ಲೇ ಜವಾಹರಲಾಲ್ ನೆಹರೂ ಓದಿದ ಹ್ಯಾರೋ ಶಾಲೆ. ತಂಗಿ ಇವೆರಡನ್ನೂ ಬೆರಳು ತೋರಿಸಿ ದಾಟಿಸಿದಳು. ಅವಳಿಗೆ ತೋರಿಸಬೇಕಿದ್ದದ್ದು ಕೆಳಗಿನ ನೋಟ. ಕಣ್ಣು ಹಾಯುವವರೆಗೂ ಕೆಂಪು ಹೆಂಚಿನ ಜೋಡಿ ಮನೆಗಳು, ಎದುರಿಗೆ ದುಂಡಗೆ ಉಬ್ಬಿದ ಕಿಟಕಿ, ಹಿಂದೆ ಉದ್ದನೆಯ ಹಿತ್ತಿಲು. 1920-30ರ ದಶಕಗಳಲ್ಲಿ ಮೆಟ್ರೊಪಾಲಿಟನ್ ರೈಲು ಈ ಹಳ್ಳಿಗಾಡಿಗೆ ಜನರನ್ನು ಕರೆದುತಂದಿತು. ‘ಮೆಟ್ರೋಲ್ಯಾಂಡ್’ ಎಂಬ ಹೆಸರಿನಲ್ಲಿ ಸಾಲುಸಾಲಾಗಿ ಮನೆಗಳೆದ್ದವು.

“ಗುಡ್ಡದ ತಲಿ ಮ್ಯಾಲೆ ಉಸುಕಿನ ಮಣ್ಣು ಐತಿ. ಕೆಳಗ ಇಳಿದಂಗ ಬರೇ ಜೇಡಿ” ಎಂದಳು.

ಆ ಜೇಡಿಗೆ ಲಂಡನ್ ಕ್ಲೇ ಎಂದೇ ಹೆಸರು. ಸುಮಾರು 5 ಕೋಟಿ ವರ್ಷಗಳ ಹಿಂದೆ ಇಲ್ಲಿದ್ದ ಬೆಚ್ಚನೆಯ ಸಮುದ್ರದ ತಳದಲ್ಲಿ ಕೂತ ಕೆಸರು ಅದು. ಥೇಮ್ಸ್ ನದಿ ಕಡಲು ಸೇರುವ ಕಡೆ ಶೆಪ್ಪಿ ದ್ವೀಪದಲ್ಲಿ ಇದೇ ಜೇಡಿಯಿಂದ ಶಾರ್ಕ್ ಹಲ್ಲುಗಳೂ ತಾಳೆಜಾತಿಯ ಹಣ್ಣುಗಳೂ ಕಲ್ಲಾಗಿ ಸಿಗುತ್ತವೆ. ಲಂಡನ್ನಿನ ನೆಲದಡಿಯ ರೈಲು ಅಷ್ಟು ಬೇಗ ಹರಡಿದ್ದಕ್ಕೂ ಈ ಮಣ್ಣೇ ಕಾರಣ. ಕೊರೆದರೆ ಮೆತ್ತಗೆ ಕೊಯ್ಯುತ್ತದೆ, ಸುರಂಗವನ್ನು ಕುಸಿಯಗೊಡದೆ ಹಿಡಿದುಕೊಳ್ಳುತ್ತದೆ. ಮೇಲೆ ಮನೆ ಕಟ್ಟಿದವರಿಗೆ ಮಾತ್ರ ಅದರ ಇನ್ನೊಂದು ಗುಣ ಗೊತ್ತು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ.

ಎರೆನಾಡಿನಲ್ಲಿ ಹುಟ್ಟಿದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ನಮ್ಮ ಹೊಲ ಬಾಯಿಬಿಟ್ಟರೆ ಕೈ ಮೊಣಕೈತನಕ ಒಳಹೋಗುತ್ತದೆ. ಮುಂಗಾರು ಬಿದ್ದ ನಾಲ್ಕು ದಿನಕ್ಕೆ ಅದೇ ನೆಲ ಬಾಯಿ ಮುಚ್ಚಿ ಕಾಲಿಗೆ ಅಂಟುತ್ತದೆ. ನೀರು ಹೀರಿ ಉಬ್ಬುವ ಸ್ಮೆಕ್ಟೈಟ್ ಗುಂಪಿನ ಖನಿಜ ಲಂಡನ್ನಿನ ಜೇಡಿಯಲ್ಲೂ ಇದೆ, ನಮ್ಮ ಎರೆಯಲ್ಲಂತೂ ಹೇರಳವಾಗಿದೆ. ಎರಡೂ ದಾಯಾದಿಗಳೇ. ನಮ್ಮ ಎರೆ ವರ್ಷ ವರ್ಷವೂ ಬಿರಿಯುತ್ತದೆ. ಇಲ್ಲಿಯ ಜೇಡಿ ಸದಾ ತೇವದ ದೇಶದಲ್ಲಿ ವರ್ಷಗಟ್ಟಲೆ ಸುಮ್ಮನಿದ್ದು, ಬರದ ಬೇಸಿಗೆಯಲ್ಲಿ ಮರದ ಬೇರುಗಳು ಇದ್ದ ನೀರನ್ನೂ ಎಳೆದುಕೊಂಡಾಗ ಒಮ್ಮೆಲೇ ಜಗ್ಗುತ್ತದೆ. 2022ರ ಬೇಸಿಗೆ ಅಂಥದ್ದು. ಆ ಜುಲೈ 19ರಂದು ಲಿಂಕನ್‌ಶೈರಿನ ಕನಿಂಗ್ಸ್‌ಬಿಯಲ್ಲಿ ಉಷ್ಣತೆ 40.3 ಡಿಗ್ರಿಗೆ ಏರಿತು. ಬ್ರಿಟನ್ 40ರ ಗಡಿ ದಾಟಿದ್ದು ಅದೇ ಮೊದಲು.

ಬೀದಿಯನ್ನು ಓದುವುದು

ಗುಡ್ಡ ಇಳಿದು ಅವಳ ಬೀದಿಗೆ ಬಂದೆವು. ನನ್ನ ಕಣ್ಣಿಗೆ ಎಲ್ಲ ಮನೆಗಳೂ ಒಂದೇ. ತಂಗಿ ನಿಂತು ನಿಂತು ತೋರಿಸಿದ ಮೇಲೆ ಬೀದಿ ಬೇರೆಯಾಗಿಯೇ ಕಂಡಿತು. ಒಂದು ಮನೆಯ ಇಟ್ಟಿಗೆಗಳ ಸಂದಿನಲ್ಲಿ ಹೊಸ ಗಾರೆಯ ಗೆರೆ ಮೆಟ್ಟಿಲಿನಂತೆ ಓರೆಯಾಗಿ ಏರಿತ್ತು. ಅದು ಮಾಗಿದ ಗಾಯ. ಇನ್ನೊಂದರ ಮುಂದೆ ನೆಲಮಟ್ಟಕ್ಕೆ ಕತ್ತರಿಸಿದ ಪಾಪ್ಲರ್ ಮರದ ಬುಡ. ಮತ್ತೊಂದರ ಗೋಡೆಯ ಬುಡದಲ್ಲಿ ಅಂಗಿಯ ಗುಂಡಿಯಷ್ಟು ದೊಡ್ಡ ಉಕ್ಕಿನ ಮೊಳೆಗಳು. ಅವುಗಳ ಮೇಲೆ ಮಟ್ಟದ ಪಟ್ಟಿ ಇಟ್ಟು, ಮನೆಯ ಯಾವ ಮೂಲೆ ಎಷ್ಟು ಇಳಿಯಿತು, ಎಷ್ಟು ಏರಿತು ಎಂದು ಅಳೆಯುತ್ತಾರೆ.

ಎದುರು ಮನೆಯ ಅಜ್ಜಿ ಬೇಲಿಯ ಬಳಿ ಗಿಡ ಸವರುತ್ತಿದ್ದರು. 1976ರ ಬರ ಅವರಿಗೆ ನಿನ್ನೆಯಂತೆ ನೆನಪಿದೆ. ಆ ವರ್ಷ ದಕ್ಷಿಣ ಇಂಗ್ಲೆಂಡಿನ ಜೇಡಿ ನೆಲದಲ್ಲಿ ಸಾವಿರಾರು ಮನೆಗಳು ಬಿರುಕುಬಿಟ್ಟವು. ಅಜ್ಜಿಯ ಮನೆಯ ಪಾಯದಡಿ ಕೆಲಸಗಾರರು ಒಂದು ತುಂಡು ಬಿಟ್ಟು ಒಂದು ತುಂಡು ಅಗೆದು, ಕಾಂಕ್ರೀಟು ತುಂಬಿ, ಹಳೆ ಪಾಯಕ್ಕೆ ಆಳದ ಹೊಸ ಪಾಯ ಕೊಟ್ಟರು. ಅದನ್ನೇ ಅಂಡರ್‌ಪಿನ್ನಿಂಗ್ ಎನ್ನುವುದು. ಮೆಟ್ರೋಲ್ಯಾಂಡ್ ಕಾಲದವರು ಅರ್ಧ ಮೀಟರಿನ ಆಸುಪಾಸಿಗೇ ಅಗೆತ ನಿಲ್ಲಿಸುತ್ತಿದ್ದರು. ಜೇಡಿಯಲ್ಲಿ ಕಡಿಮೆಯೆಂದರೂ ಒಂದು ಮೀಟರ್ ಇಳಿಯಬೇಕೆಂಬ ಎಚ್ಚರ ಗಟ್ಟಿಯಾದದ್ದು 1976ರ ಪೆಟ್ಟಿನ ಮೇಲೆ. ಈಗ ಅಂಡರ್‌ಪಿನ್ನಿಂಗ್ ಕೊನೆಯ ಉಪಾಯ. ಮೊದಲು ನೆಲ ಒಣಗಲು ಕಾರಣವೇನೆಂದು ಹುಡುಕುತ್ತಾರೆ.

ಅಡುಗೆಮನೆಯ ಮೂಲೆ

ತಂಗಿಯ ಮನೆಯ ಬಿರುಕು ಹಿಂಬದಿಯ ಅಡುಗೆಮನೆ ಕಿಟಕಿಯ ಮೂಲೆಯಿಂದ ಹೊರಟು, ಓರೆಯಾಗಿ ಮೇಲೇರಿ, ಮಹಡಿಯ ಕೋಣೆಯ ಕಿಟಕಿ ಸೇರುತ್ತದೆ. ಕೆಳಗೆ ಕೂದಲೆಳೆ, ಮೇಲೆ ಹೋದಂತೆ ಅಗಲ. ಮೂಲೆ ಇಳಿದು ಹೊರಕ್ಕೆ ವಾಲಿದರೆ ಬಿರುಕು ತಲೆಯ ಕಡೆ ಹೆಚ್ಚು ಬಾಯಿ ಬಿಡುತ್ತದೆ. ಗೋಡೆಯ ಒಳಗೂ ಹೊರಗೂ ಒಂದೇ ಜಾಗದಲ್ಲಿ ಕಾಣುವ, ಬಾಗಿಲು ಕಿಟಕಿಗಳ ಮೂಲೆಯಿಂದ ಓರೆಯಾಗಿ ಹೊರಡುವ, 3 ಮಿಲಿಮೀಟರಿಗಿಂತ ಅಗಲವಾದ ಬಿರುಕು ಕಂಡರೆ ನೆಲದ ಮೇಲೆ ಸಂಶಯಪಡಬೇಕು. ಹೊಸ ಗಿಲಾವು ಒಣಗುವಾಗ ಬೀಳುವ ಗೆರೆಗಳು ಹಾಗಿರುವುದಿಲ್ಲ.

ಬಿರುಕಿನ ಆಚೆ ಈಚೆ ಮೂರು ಪುಟ್ಟ ಉಕ್ಕಿನ ಬಿಲ್ಲೆಗಳನ್ನು ತ್ರಿಕೋನವಾಗಿ ಅಂಟಿಸಿದ್ದಾರೆ. ಎಂಟು ವಾರಕ್ಕೊಮ್ಮೆ ಬರುವ ತಂತ್ರಜ್ಞ ಅವುಗಳ ನಡುವಿನ ಅಂತರ ಅಳೆದು ಬರೆದುಕೊಂಡು ಹೋಗುತ್ತಾನೆ. ಆದರೆ ನನ್ನ ಕಣ್ಣು ನಿಂತದ್ದು ಬಿಲ್ಲೆಗಳ ಪಕ್ಕದ ಪೆನ್ಸಿಲ್ ಗುರುತುಗಳ ಮೇಲೆ. ತಂಗಿಯ ಅಕ್ಷರ, ಕನ್ನಡದ ಅಂಕಿಗಳು: ‘೧೪ ಆಗಸ್ಟ್, ೬.೫’. ಅದರ ಮೇಲೆ ‘೧೧ ಸೆಪ್ಟೆಂಬರ್, ೭’. ಆಮೇಲೆ ಜನವರಿಯಲ್ಲಿ ಐದು, ಈ ಮಾರ್ಚಿನಲ್ಲಿ ನಾಲ್ಕು ಚಿಲ್ಲರೆ.

“ಹತ್ತಿ ಹೊಲದಾಗ ಅಪ್ಪ ಕೋಲು ಇಳಿಸಿ ನೋಡ್ತಿದ್ರಲ್ಲ ಅಣ್ಣಾ, ಎರಿ ಎಷ್ಟು ಬಿಟ್ಟೈತಿ ಅಂತ. ಅದ ನೆನಪಾತು. ಕಂಪನಿಯವ್ರು ಬರೂತನಕ ಸುಮ್ನ ಯಾಕ ಕುಂದರಬೇಕು?”

ಕಂಪನಿಯವರು ಬಂದದ್ದು ಏಳು ವಾರಗಳ ಮೇಲೆ. ಬರದ ವರ್ಷದಲ್ಲಿ ಕ್ಲೇಮುಗಳು ಒಮ್ಮೆಲೇ ನುಗ್ಗುತ್ತವೆ, ಪರಿಶೀಲಕರು ಸಾಲುವುದಿಲ್ಲ. ಆ ಏಳು ವಾರ ಅವಳು ಇಬ್ಬರು ಮಕ್ಕಳನ್ನು ಮುಂದಿನ ಕೋಣೆಯಲ್ಲಿ ಮಲಗಿಸಿ, ರಾತ್ರಿ ಗೋಡೆ ಸಣ್ಣಗೆ ಸದ್ದು ಮಾಡಿದರೂ ಎದ್ದು ಕೂರುತ್ತಿದ್ದಳು.

ಮೇಜಿನ ಮೇಲಿನ ಕಡತ

ಚಹಾ ಕುಡಿಯುತ್ತ ಅವಳು ಕಡತ ಬಿಚ್ಚಿದಳು. ಬ್ರಿಟನ್ನಿನ ಮನೆವಿಮೆಯಲ್ಲಿ ನೆಲಕುಸಿತ ಸೇರಿದ್ದು 1971ರಲ್ಲಿ. ಈಗ ಸಾಮಾನ್ಯ ಪಾಲಿಸಿಗಳಲ್ಲಿ ನೆಲ ಕುಗ್ಗುವುದು, ಉಬ್ಬುವುದು, ಜಾರುವುದು ಮೂರೂ ಒಂದೇ ಸಾಲಿನಲ್ಲಿರುತ್ತವೆ. ನಷ್ಟದ ಮೊದಲ ಪಾಲನ್ನು ಮನೆಯವರೇ ಹೊರಬೇಕು. ನೆಲಕುಸಿತಕ್ಕೆ ಅದು ಸಾಮಾನ್ಯವಾಗಿ 1000 ಪೌಂಡು. ಕಟ್ಟಿದ ಹೊಸದರಲ್ಲಿ ಮನೆ ತನ್ನ ಭಾರಕ್ಕೆ ತಾನೇ ಕೂರುವುದು, ಕಳಪೆ ಕೆಲಸ, ಕಡಲ ಕೊರೆತ ಇವಕ್ಕೆ ಹಣವಿಲ್ಲ. ಅಂಗಳದ ಹಾಸು, ಕಾಂಪೌಂಡು ಗೋಡೆ ಮಾತ್ರ ಬಿರಿದರೂ ಇಲ್ಲ; ಜೊತೆಗೆ ಮನೆಗೂ ಪೆಟ್ಟು ಬಿದ್ದಿರಬೇಕು.

ತಂಗಿಯ ತೊಡಕು ಬೇರೆ ಇತ್ತು. ಬಿರುಕು ಕಾಣುವ ನಾಲ್ಕು ತಿಂಗಳ ಮುಂಚೆ, ಏಪ್ರಿಲಿನಲ್ಲಿ, ಅವಳು ವಿಮಾ ಕಂಪನಿ ಬದಲಿಸಿದ್ದಳು. ಹೊಸ ಕಂಪನಿಯ ಮೊದಲ ಪತ್ರವೇ ಈ ಬಿರುಕು ಹಳೆಯದಲ್ಲವೇ ಎಂದು ಕೇಳಿತು. ಇಂಥ ಜಗಳಕ್ಕೆಂದೇ ಬ್ರಿಟನ್ನಿನ ವಿಮಾ ಕಂಪನಿಗಳ ಸಂಘದಲ್ಲಿ ಒಂದು ಒಪ್ಪಂದವಿದೆ. ಕಂಪನಿ ಬದಲಿಸಿದ ಎಂಟು ವಾರದೊಳಗೆ ಕ್ಲೇಮು ಬಂದರೆ ಹಳೆಯವರು ನೋಡಿಕೊಳ್ಳಬೇಕು. ಎಂಟು ವಾರದಿಂದ ಒಂದು ವರ್ಷದವರೆಗೆ ಇಬ್ಬರೂ ಅರ್ಧರ್ಧ ಹೊರಬೇಕು. ವರ್ಷ ದಾಟಿದರೆ ಹೊಸಬರದೇ ಹೊಣೆ. ಅವಳು ತಾರೀಖು ಬಿದ್ದ ಫೋಟೊಗಳನ್ನೂ ಪೆನ್ಸಿಲ್ ಗುರುತುಗಳನ್ನೂ ಮುಂದಿಟ್ಟಳು. ಇದೇ ಬೇಸಿಗೆಯಲ್ಲಿ ಹುಟ್ಟಿ, ಬೆಳೆದು, ಮಳೆ ಬಂದಾಗ ಕುಗ್ಗಿದ ಬಿರುಕು ಎಂದು ಗೋಡೆಯೇ ಹೇಳಿತು. ಆಮೇಲೆ ಎರಡೂ ಕಂಪನಿಗಳು ಒಪ್ಪಿದವು. ಒಪ್ಪದಿದ್ದರೂ ದಾರಿ ಇತ್ತು: ದೂರು ಕೊಟ್ಟ ಎಂಟು ವಾರದಲ್ಲಿ ಸರಿಯಾದ ಉತ್ತರ ಬರದಿದ್ದರೆ ಗ್ರಾಹಕರು ಕಾಸಿನ ಖರ್ಚಿಲ್ಲದೆ ಫೈನಾನ್ಶಿಯಲ್ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು.

ಹಣ ಮಾತ್ರ ಕೂಡಲೇ ಬರುವುದಿಲ್ಲ. ಬೇಸಿಗೆ, ಚಳಿಗಾಲ ಎರಡನ್ನೂ ಕಾಣುವಂತೆ ಸುಮಾರು ಒಂದು ವರ್ಷ ಅಳೆಯುತ್ತಾರೆ. ಪಾಯದ ಪಕ್ಕ ಗುಂಡಿ ತೋಡಿ ಸಿಕ್ಕ ಬೇರನ್ನು ಪ್ರಯೋಗಾಲಯದಲ್ಲಿ ಇಟ್ಟು ಯಾವ ಮರದ್ದೆಂದು ಪತ್ತೆಹಚ್ಚುತ್ತಾರೆ. ಚರಂಡಿ ಕೊಳವೆಯೊಳಗೆ ಕ್ಯಾಮೆರಾ ಬಿಟ್ಟು ಸೋರಿಕೆ ಹುಡುಕುತ್ತಾರೆ. ಚಲನೆ ನಿಂತಿತೆಂದು ಖಾತ್ರಿಯಾದ ಮೇಲೆಯೇ ಗೋಡೆಗೆ ಗಾರೆ. ಎಲ್ಲ ಮುಗಿದಾಗ ಮನೆ ಗಟ್ಟಿಯಾಗಿದೆಯೆಂಬ ಪ್ರಮಾಣಪತ್ರ ಕೈಗೆ ಬರುತ್ತದೆ. ಮುಂದೆ ಮನೆ ಮಾರುವಾಗ ಆ ಕಾಗದಕ್ಕೆ ಬಂಗಾರದ ಬೆಲೆ.

ಹಿತ್ತಿಲ ಓಕ್

ತಂಗಿಯ ಮನೆಯ ಗುಂಡಿಯಲ್ಲಿ ಸಿಕ್ಕದ್ದು ಓಕ್ ಮರದ ಬೇರು. ಹಿತ್ತಿಲ ಕೊನೆಯಲ್ಲಿ ಅದು ನಿಂತಿದೆ, ಎಲೆಯಿಲ್ಲದೆ, ಆಕಾಶ ತುಂಬ ಕೈ ಚಾಚಿ. ನೆಲದ ನೀರನ್ನು ಬಹಳವಾಗಿ ಎಳೆಯುವ ಮರಗಳಲ್ಲಿ ಓಕ್, ಪಾಪ್ಲರ್, ವಿಲ್ಲೋ ಮುಂದಿನ ಸಾಲಿನವು. ಹಾಗಾದರೆ ಕಡಿದುಬಿಡಬಹುದಲ್ಲ ಎಂದೆ.

ಕಡಿಯುವಂತಿಲ್ಲ. ಅದು ಸ್ಥಳೀಯ ಆಡಳಿತದ ರಕ್ಷಣಾ ಆದೇಶದಲ್ಲಿರುವ ಮರ. ಕೊಂಬೆ ಸವರಲೂ ಅನುಮತಿ ಬೇಕು. ಅದಕ್ಕಿಂತ ದೊಡ್ಡ ಕಾರಣ ನೆಲದೊಳಗಿದೆ. ಮನೆಗಿಂತ ಮರ ಹಳೆಯದು. ಮರ ಹೀರಿ ಒಣಗಿಸಿಟ್ಟ ಜೇಡಿಯ ಮೇಲೇ ಈ ಪಾಯ ಹಾಕಿದ್ದಾರೆ. ಮರ ಹೋದರೆ ಆ ಜೇಡಿ ವರ್ಷಾನುಗಟ್ಟಲೆ ನೀರು ಕುಡಿದು ಉಬ್ಬಿ ಮನೆಯನ್ನು ಮೇಲಕ್ಕೆ ಎತ್ತಬಹುದು. ಇಳಿದ ಮನೆಗಿಂತ ಎದ್ದ ಮನೆಯ ಚಿಕಿತ್ಸೆ ಕಷ್ಟ. ಹಾಗಾಗಿ ಎಂಜಿನಿಯರರು ಅನುಮತಿ ಪಡೆದು ಕೊಂಬೆಗಳನ್ನು ಕಾಲಕಾಲಕ್ಕೆ ಹಗುರಮಾಡುವುದು, ಸೋರುವ ಚರಂಡಿ ಸರಿಪಡಿಸುವುದು, ಇನ್ನೊಂದು ಬೇಸಿಗೆ ಅಳೆದು ನೋಡುವುದು ಎಂದು ತೀರ್ಮಾನಿಸಿದ್ದಾರೆ. ನನಗೆ ಅದು ನ್ಯಾಯವೆನಿಸಿತು. ಮನೆ, ಮರ ಎರಡೂ ಉಳಿಯಬೇಕಾದರೆ ಯಾರೋ ಕುಳಿತು ಅಳೆಯಲೇಬೇಕು.

ನಮ್ಮ ಪಡಸಾಲೆಯ ಗೋಡೆ

ಆ ಮರದ ಕೆಳಗೆ ನಿಂತಾಗ ಅಪ್ಪ ನೆನಪಾದರು. ಪ್ರತಿ ಯುಗಾದಿಯ ಮುಂಚೆ ಸುಣ್ಣ ಬಳಿಯುವಾಗ ಪಡಸಾಲೆಯ ಬಿರುಕಿಗೆ ಅವರು ಗಚ್ಚಾಗಿ ಸಿಮೆಂಟು ತುಂಬುತ್ತಿದ್ದರು. ಹಬ್ಬಕ್ಕೆ ಬಂದವರ ಕಣ್ಣಿಗೆ ಒಡೆದ ಗೋಡೆ ಬೀಳಬಾರದು, ಅಷ್ಟೆ. ಯುಗಾದಿಯ ಹೊತ್ತಿಗೆ ಎರೆ ಒಣಗಿ ಬಿರುಕು ಅಗಲವಾಗಿರುತ್ತದೆ. ಆಗ ತುಂಬಿದ ಸಿಮೆಂಟು ಗೂಟದಂತೆ ಕೂರುತ್ತದೆ. ಮಳೆಗಾಲದಲ್ಲಿ ನೆಲ ಉಬ್ಬಿ ಗೋಡೆ ಮುಚ್ಚಿಕೊಳ್ಳಲು ಬಂದರೆ ಗೂಟ ಬಿಡುವುದಿಲ್ಲ. ಒತ್ತಡ ಪಕ್ಕದಲ್ಲಿ ಹೊಸ ಬಿರುಕಾಗಿ ಹೊರಬರುತ್ತದೆ. ಪ್ರತಿ ವರ್ಷ ದುರಸ್ತಿ, ಪ್ರತಿ ವರ್ಷ ಬಿರುಕು ಒಂದೆಳೆ ದೊಡ್ಡದು. ಅಪ್ಪನ ಕೈಯೇ ಆ ಗೋಡೆಯನ್ನು ಒಡೆಯುತ್ತಿತ್ತೆಂದು ನಲವತ್ತು ವರ್ಷದ ಮೇಲೆ, ಹ್ಯಾರೋದ ಹಿತ್ತಿಲಲ್ಲಿ ನನಗೆ ತಿಳಿಯಿತು.

ತಿಳಿದವರು ನಮ್ಮಲ್ಲೂ ಇದ್ದರು. ಗರಸು ಸಿಗುವವರೆಗೆ ಬುನಾದಿ ತೋಡು ಎಂಬುದು ಎರೆನಾಡಿನ ಹಿರಿಯರ ಮಾತು. ಕೆಳತುದಿಯಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟು ಕಂಬಗಳನ್ನು ಎರೆನೆಲಕ್ಕೆಂದು ಬೆಳೆಸಿದ್ದು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ. ಮನೆವಿಮೆಯ ದಾರಿಯೂ ತೆರೆದಿದೆ. 2021ರ ಏಪ್ರಿಲ್ 1ರಿಂದ ಬೆಂಕಿ ವಿಮೆ ಮಾಡುವ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ನಿಯಮ ಮಾಡಿದೆ. ಬೆಂಕಿ, ನೆರೆ, ಭೂಕಂಪಗಳ ಜೊತೆಗೆ ಮನೆ ನಿಂತ ನೆಲ ಕುಸಿಯುವುದು, ಗುಡ್ಡ ಜಾರುವುದು ಅದರಲ್ಲಿ ಸೇರಿವೆ. ಆದರೆ ಹೊಸ ಕಟ್ಟಡದ ಸಹಜ ಬಿರುಕು, ಮಣ್ಣು ತುಂಬಿ ಎತ್ತರಿಸಿದ ನೆಲ ಕೂರುವುದು, ನದಿ ಅಥವಾ ಕಡಲ ಕೊರೆತ, ತಪ್ಪು ವಿನ್ಯಾಸ, ಕಳಪೆ ಸಾಮಗ್ರಿ, ಅಗೆತದಿಂದಾದ ಹಾನಿ ಇವು ಹೊರಗೆ. ಕೆರೆ ಮುಚ್ಚಿದ ಬಡಾವಣೆಯಲ್ಲಿ, ಬರೆ ಕಡಿದ ಜಾಗದಲ್ಲಿ ಮನೆ ಇರುವವರು ಈ ಸಾಲನ್ನು ಎರಡು ಸಲ ಓದಬೇಕು. ಬೆಳೆವಿಮೆಯ ಕಂತಿಗೆ ಸರದಿಯಲ್ಲಿ ನಿಲ್ಲುವ ನಮ್ಮ ರೈತರು ಮನೆಗೂ ವಿಮೆ ಉಂಟೆಂದು ಕೇಳಬೇಕು. ಕೇಳಿ ಕೊಂಡ ಮೇಲೆ ಕ್ಲೇಮಿನ ದಿನ ಉಳಿಯುವ ಪ್ರಶ್ನೆ ಒಂದೇ: ಈ ಬಿರುಕು ಯಾವತ್ತಿನದು?

ಸಂಜೆ ಊರಿಗೆ ಫೋನು ಮಾಡಿದೆ. ಅಲ್ಲಿ ರಾತ್ರಿಯಾಗಿತ್ತು. ಅಣ್ಣ ಹಬ್ಬದ ಸುಣ್ಣ ತಂದಿಟ್ಟಿದ್ದ. ನಾಳೆ ಗೌಂಡಿ ಬರುವವನಿದ್ದ.

“ಅಣ್ಣಾ, ಸುಣ್ಣ ಹಚ್ಚಿಸು. ಪಡಸಾಲಿ ಬಿರುಕು ಮಾತ್ರ ಈ ಸಲ ತುಂಬಸಬ್ಯಾಡ.”

“ಹಬ್ಬದಾಗ ಒಡದ ಗ್ವಾಡಿ ಹಂಗ ಬಿಡೂದೇನೋ?”

“ಬಿಡು. ಹುಡುಗನ ಕಡೆ ಪೆನ್ಸಿಲ್ ಇಸ್ಕೊ. ಬಿರುಕಿನ ಎರಡೂ ತುದಿಗೆ ಗೆರಿ ಎಳದು, ಎಷ್ಟು ಅಗಲ ಐತಿ ಅಂತ ಅಳದು, ಬಾಜೂಕ ಇವತ್ತಿನ ತಾರೀಖು ಬರಿ. ಮಳಿ ಬಿದ್ದ ಮ್ಯಾಲೆ ಮತ್ತ ಅಳಿ.”

ಅಣ್ಣ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಫೋನಿನೊಳಗೆ ಅವನ ದನಿ ದೂರವಾಯಿತು. ಮಗನನ್ನು ಕರೆದು ಶಾಲೆಯ ಪಟ್ಟಿ ತಾ ಎನ್ನುತ್ತಿದ್ದ.